ಬಾಯಲ್ಲಿ ಸವೆದ ಹೆಸರು

ಹೆಸರು ಯಾರದು ಎಂಬ ಪ್ರಶ್ನೆಗೆ ನಮ್ಮ ಕಾಲ ಕೊಟ್ಟ ಉತ್ತರ ಸರಳ. ಯಾರ ಬಾಯಲ್ಲಿ ಸವೆದಿದೆಯೋ ಅವರದು.

ಮೊದಲು ಹೀಗಿರಲಿಲ್ಲ. ಅಂಗಡಿಗೊಂದು ಅಂತರ್ಜಾಲ ವಿಳಾಸ ಬೇಕೆಂದರೆ ಹೆಸರು ಟೈಪು ಮಾಡಿ, ಖಾಲಿ ಇದೆಯೇ ನೋಡಿ, ತೆಗೆದುಕೊಂಡರೆ ಆಯಿತು. ಆಮೇಲೆ ಆ ಕೆಲಸಕ್ಕೆ ಯಂತ್ರಗಳನ್ನು ಹಚ್ಚಿದವರು ಬಂದರು. ಕನ್ನಡದ ಎಲ್ಲ ಊರುಗಳ, ಎಲ್ಲ ತಿಂಡಿಗಳ, ಎಲ್ಲ ಅಜ್ಜಂದಿರ ಹೆಸರು ನೋಡನೋಡುತ್ತಿದ್ದಂತೆ ಯಾರ್ಯಾರದೋ ಪಾಲಾದವು. ಚಹಾದಂಗಡಿ ಇಡುವವನಿಗೂ ಸಿಗುತ್ತಿದ್ದುದು ಅಕ್ಷರ ಅಂಕಿ ಕಲಸಿದ, ನಾಲಿಗೆಗೆ ಹತ್ತದ ಒಂದು ಸರ. ಕೊನೆಗೆ ಕಾಯ್ದೆ ಬಂತು. ವಿಳಾಸವನ್ನು ಟೈಪು ಮಾಡುವಂತಿಲ್ಲ, ಬಾಯಿಂದ ಕರೆಯಬೇಕು. ಪಡೆಯುವವರೂ ಬಾಯಿಂದ ಹೇಳಿಯೇ ಪಡೆಯಬೇಕು.

ಹುಬ್ಬಳ್ಳಿಯ ಹೆಸರು ನೋಂದಣಿ ಕೇಂದ್ರದಲ್ಲಿ ಅದನ್ನು ಅಳೆಯುವುದು ನನ್ನ ಕೆಲಸ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಈ ಊರಲ್ಲಿ ಸಿಕ್ಕ ಕೆಲಸ ಇದು.

ನಾವು ಒಂದು ಮಾತು ಆಡುವ ಮೊದಲು ನಾಲಿಗೆ, ದವಡೆ, ಉಸಿರು ಮೂರೂ ಸಣ್ಣಗೆ ಸಿದ್ಧವಾಗುತ್ತವೆ. ಗಂಟಲಿಗೆ ಪಟ್ಟಿ ಕಟ್ಟಿ ಆ ಸಿದ್ಧತೆಯನ್ನು ತೆರೆಯ ಮೇಲೆ ಗೆರೆಯಾಗಿ ಮೂಡಿಸಬಹುದು. ಹೊಸ ಹೆಸರಾದರೆ ದೇಹ ತಡವರಿಸುತ್ತದೆ, ಗೆರೆಗೆ ಮೊನೆಗಳೇಳುತ್ತವೆ. ಸಾವಿರ ಸಲ ಹೇಳಿದ ಹೆಸರಾದರೆ ಗೆರೆ ಹಳೆಯ ಹೊಸ್ತಿಲಿನಂತೆ ನುಣ್ಣಗಿರುತ್ತದೆ. ಯಂತ್ರಗಳು ಯಾರ ಧ್ವನಿಯನ್ನಾದರೂ ನಕಲು ಮಾಡುತ್ತವೆ. ಧ್ವನಿಗೆ ಮೊದಲಿನ ಈ ಕ್ಷಣವನ್ನು ನಕಲು ಮಾಡಲು ಅವಕ್ಕೆ ಇನ್ನೂ ಬಂದಿಲ್ಲ. ಗೆರೆ ನುಣ್ಣಗಿದ್ದು, ಹಿಂದೆಯೇ ಹೆಸರು ಸ್ಪಷ್ಟವಾಗಿ ಕೇಳಿಸಿದರೆ ಅದು ನಿಮ್ಮದು. ನಮ್ಮಲ್ಲಿ ಈ ಯಂತ್ರವನ್ನು ಕಿವಿ ಎನ್ನುತ್ತಾರೆ.

ಜನ ಹೊಂದಿಕೊಂಡರು. ಅಂಗಡಿ ತೆರೆಯಬೇಕೆಂದವರು ತಿಂಗಳುಗಟ್ಟಲೆ ಬಸ್ಸಿನಲ್ಲಿ, ನಲ್ಲಿಯ ಸಾಲಿನಲ್ಲಿ ಒಂದೇ ಹೆಸರು ಗೊಣಗುತ್ತಾರೆ. ಪುರಸೊತ್ತಿಲ್ಲದ ಕಂಪನಿಗಳು ಕೂಲಿಗೆ ಬಾಯಿ ಹಿಡಿಯುತ್ತವೆ. ಅಂಥ ಹೆಂಗಸರನ್ನು ಸವೆಸುವವರು ಎನ್ನುತ್ತಾರೆ. ಹಾಗೆ ಸವೆಸಿದ ಹೆಸರು ಅವರನ್ನು ಇಟ್ಟುಕೊಂಡ ಕಂಪನಿಗೆ ಹೋಗುತ್ತದೆ.

ಅವರಲ್ಲಿ ಲಾಲಬಿ ನನಗೆ ಪರಿಚಯ. ಗಟ್ಟಿ ಆಳು. ಮದುವೆ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವಳು ಹೊಗೆ ಸಾಕಾಗಿ ಇದಕ್ಕೆ ಬಂದಳು. ಸೆರಗಿನ ಗಂಟಿನಲ್ಲಿ ಯಾವಾಗಲೂ ಜೇಷ್ಠಮಧುವಿನ ತುಂಡು. ಬಂದಾಗೆಲ್ಲ ನನಗೂ ಒಂದು ಕೊಡುತ್ತಾಳೆ.

"ಬ್ಯಾಸರ ಬರೂದಿಲ್ಲೇನ ಲಾಲಬಿ, ದಿನಾ ಒಂದ ಹೆಸರು?"

"ಮೊದಲ ಮೊದಲ ಹೆಸರು ಕಚ್ಚತೈತ್ರಿ ಅಕ್ಕಾರ. ಆಮ್ಯಾಲ ಅದರ ಹಲ್ಲ ಉದರತಾವ. ಹಲ್ಲ ಉದರಿದ ಮ್ಯಾಲ ಹೆಸರಾದ್ರೇನು, ಕೆಮ್ಮಾದ್ರೇನು?"

ನನ್ನ ಗಂಡ ತೀರಿಕೊಂಡದ್ದು ಬೇಸಿಗೆಯಲ್ಲಿ. ಲಾರಿಗಳನ್ನು ತೂಗುವ ವೇಬ್ರಿಡ್ಜ್ ಪರೀಕ್ಷಿಸಲು ಹೋಗಿದ್ದ. ಹಿಂದಕ್ಕೆ ಬರುತ್ತಿದ್ದ ಲಾರಿಯ ಚಾಲಕನಿಗೆ ಅವನು ಕಾಣಿಸಲಿಲ್ಲ. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಅವನ ಅಂಗಡಿ ಹಳೇಹುಬ್ಬಳ್ಳಿಯಲ್ಲಿ. ತಕ್ಕಡಿ ಮಾರುವುದು, ರಿಪೇರಿ ಮಾಡುವುದು, ತೂಕದ ಕಲ್ಲು ಎರಕ ಹೊಯ್ಯುವುದು. ಈಗೆಲ್ಲ ಎಲೆಕ್ಟ್ರಾನಿಕ್ ತಕ್ಕಡಿ, ನಿಜ. ಆದರೆ ಅದು ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಕೊನೆಗೂ ಒಂದು ಕಬ್ಬಿಣದ ತುಂಡೇ ಬೇಕು. ಸುತ್ತಲಿನ ಸೊಸೈಟಿಗಳು, ಹತ್ತಿ ವ್ಯಾಪಾರಿಗಳು, ಬಂಗಾರದಂಗಡಿಯವರು ಎಲ್ಲರೂ ಅವನಲ್ಲಿಂದಲೇ ತರಿಸುತ್ತಿದ್ದರು. ಫೋನಿಗೆ "ಕಲ್ಲಪ್ಪನ ತಕ್ಕಡಿ" ಎಂದರೆ ಸಾಕು, ಅಂಗಡಿಯ ಪುಟ ತೆರೆಯುತ್ತಿತ್ತು. ಕಲ್ಲಪ್ಪ ಅವನ ಅಜ್ಜ. ಅವನೂ ಕಲ್ಲಪ್ಪ. ಅಜ್ಜನ ಹೆಸರನ್ನೇ ಇಟ್ಟಿದ್ದರು.

ವಿಳಾಸವಿದ್ದದ್ದು ಅವನ ಬಾಯಿಯ ಮೇಲೆ. ಹಕ್ಕುದಾರ ತೀರಿಕೊಂಡರೆ ಮನೆಯವರಿಗೆ ಆರು ತಿಂಗಳ ಅವಧಿ. ಅಷ್ಟರಲ್ಲಿ ಯಾರಾದರೂ ಕಿವಿಯ ಮುಂದೆ ಹೆಸರು ಹೇಳಿ ತೇರ್ಗಡೆಯಾಗಬೇಕು. ಇಲ್ಲವಾದರೆ ಕಾದವರಿಗೆ ಹೋಗುತ್ತದೆ. ಒಂದು ದೊಡ್ಡ ಕಂಪನಿ ಆಗಲೇ ಅರ್ಜಿ ಹಾಕಿ ಕಾದಿತ್ತು. ಅವರಿಗೆ ಹೋದರೆ, "ಕಲ್ಲಪ್ಪನ ತಕ್ಕಡಿ" ಎಂದು ಕರೆದವರೆಲ್ಲ ಅವರ ಗೋದಾಮಿಗೆ ಹೋಗುತ್ತಾರೆ. ನಮ್ಮ ಬಾಗಿಲಿಗೆ ಯಾರೂ ಬರುವುದಿಲ್ಲ. ಮನೆಯಲ್ಲಿ ಉಳಿದವರು ನಾವಿಬ್ಬರು, ನಾನು ಮತ್ತು ಅತ್ತೆ ಬಾಳವ್ವ.

ಅತ್ತೆ ತಮ್ಮ ಮಗನ ಹೆಸರನ್ನು ಅವನು ಹುಟ್ಟಿದಾಗಿನಿಂದ ಒಂದು ಸಲವೂ ಹೇಳಿದವರಲ್ಲ.

ಅದು ಅವರ ಮಾವನ ಹೆಸರು. ಸೊಸೆಯಾದವಳು ಮಾವನ ಹೆಸರು ಹೇಳಬಾರದು. ಮಗನಿಗೆ ಅದೇ ಹೆಸರಿಟ್ಟ ಮೇಲೆ ಮಗನ ಹೆಸರನ್ನೂ ಹೇಳಬಾರದು. ಅವನನ್ನು "ಸಣ್ಣಾಂವ" ಎಂದೇ ಕರೆದರು. ಅಷ್ಟೇ ಆಗಿದ್ದರೆ ಸರಿ. ಹೆಸರಿನೊಳಗೆ ಕಲ್ಲು ಇದೆಯೆಂದು ಅವರು ಕಲ್ಲನ್ನೂ ಬಿಟ್ಟಿದ್ದರು. ಕಲ್ಲಂಗಡಿ ಅವರಿಗೆ ನೀರಹಣ್ಣು. ಬೀಸುವ ಕಲ್ಲು ಬೀಸೂ ಕೂಸು. ಅಂಗಡಿಯ ತೂಕದ ಕಲ್ಲುಗಳು ತಕ್ಕಡಿ ಕೂಸು. ಯಾವ ಕಾಲದಲ್ಲೋ ಮಾವನ ಎದುರು ಕಲ್ಲು ಎನ್ನಲಾರದೆ, ಹಾಸಿನ ಮೇಲೆ ಸಾಲಾಗಿ ಕೂತ ಅವನ್ನು ನೋಡಿ ಕೂಸು ಎಂದಿರಬೇಕು. ಅದೇ ನಿಂತಿತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರಿಗೆ ಮೂತ್ರದ ಕಲ್ಲಾದಾಗ ಅತ್ತೆ ಓಣಿಗೆಲ್ಲ ಕೇಳುವಂತೆ, "ಪಾಪ, ಮಾಸ್ತರ ಹೊಟ್ಟ್ಯಾಗ ಕೂಸು ಐತಂತ" ಎಂದಿದ್ದರು. ನನ್ನ ಗಂಡ ನಕ್ಕು ನಕ್ಕು ಊಟದ ತಟ್ಟೆ ಬಿಟ್ಟು ಎದ್ದಿದ್ದ.

ಕಾಲೇಜಿನಲ್ಲಿ ನಾನು ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ. ತರಗತಿಯಲ್ಲಿ ಎಲ್ಲರಿಗೂ ಹೊಸ ಕಾಲದ ಹೆಸರು, ಇವನೊಬ್ಬನಿಗೆ ಅಜ್ಜನದು. ಮದುವೆಯಾಗಿ ಬಂದ ದಿನ ಅತ್ತೆ ಬಾಗಿಲಲ್ಲೇ ಮೆಲ್ಲಗೆ ಹೇಳಿದರು, "ಮಂದಾ, ಹಿರ್‍ಯಾರ ಹೆಸರು. ಮನ್ಯಾಗ ಅನಬ್ಯಾಡವಾ." ನಾನು ಒಪ್ಪಿದೆ. ವಾದ ಮಾಡುವಷ್ಟು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. "ಎಂ.ಎಸ್ಸಿ. ಮಾಡಿ ರೀ ಅಂತಿ" ಎಂದು ಅವನು ಛೇಡಿಸುತ್ತಿದ್ದ. ಅತ್ತೆಯ ಕೂಸುಗಳೂ ನನ್ನ ಬಾಯಿಗೆ ಬಂದವು. ಒಂದು ಮನೆಗೆ ಹೋದರೆ ಆ ಮನೆಯ ಉಪ್ಪಿನ ಅಳತೆ ಕೈಗೆ ಬರುವಂತೆ.

ನನ್ನ ಪರೀಕ್ಷೆಯನ್ನು ನಾನೇ ಮಾಡುವಂತಿಲ್ಲ. ಕೇಂದ್ರದ ಹಿರಿಯ ಅಧಿಕಾರಿ ಕಡಪಟ್ಟಿ ಸರ್ ಪಟ್ಟಿ ಕಟ್ಟಿದರು. "ಎದಕ್ಕ ಅಂಜತೀರಿ ಮೇಡಂ? ನಿಮ್ಮ ಯಜಮಾನ್ರ ಹೆಸರು ನಿಮ್ಮ ಬಾಯಾಗ ಇರಲಾರದ ಮತ್ಯಾರ ಬಾಯಾಗ ಇರತೈತಿ?"

ಹೇಳಿದೆ. ಅವನು ಹೋದ ಮೇಲೆ ಅದೇ ಮೊದಲು.

ಕಡಪಟ್ಟಿ ಸರ್ ತೆರೆ ನೋಡಿ ಕನ್ನಡಕ ತೆಗೆದು ಒರೆಸಿದರು. ಗೆರೆಯ ತುಂಬ ಮೊನೆ. ನಾನು ದಿನವೂ ಓದುವ ಗೆರೆಗಳವು, ಯಾರೂ ಹೇಳಿಕೊಡಬೇಕಿರಲಿಲ್ಲ. ಹೇಳದೆ ಬಿಟ್ಟ ಹೆಸರಿಗೂ ಮೊನೆ ಬರುತ್ತದೆ. ಹೇಳಿದರೆ ನೋಯುವ ಹೆಸರಿಗೂ ಬರುತ್ತದೆ. ಕಿವಿಗೆ ಎರಡೂ ಒಂದೇ.

ನನಗೆ ಸ್ವಲ್ಪ ಆಶ್ಚರ್ಯವಾಯಿತು. ಆ ತಿಂಗಳುಗಳಲ್ಲಿ ನನಗೆ ನೋವು ಎಂಬಂಥದ್ದು ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟ ಒಸಡಿನಂತೆ ಇದ್ದೆ.

"ಅಮ್ಮಾರನ್ನ ಕರಕೊಂಡ ಬರ್ರಿ" ಎಂದರು ಸರ್. "ಹಡದವರ ಬಾಯಿ."

ಅತ್ತೆ ಬಂದರು, ತಲೆತುಂಬ ಸೆರಗು ಹೊದ್ದು. ಬರುವುದಕ್ಕೆ ಒಪ್ಪಿದ್ದೇ ದೊಡ್ಡದು. ಗಂಟಲಿಗೆ ಪಟ್ಟಿ ಕಟ್ಟುವಾಗ, "ಕೊರಳಾಗಿಂದ ತಾಳಿ ತಗದ ಮ್ಯಾಲ ಇದೊಂದ ಬಾಕಿ ಇತ್ತ ನೋಡು" ಎಂದರು.

"ಒಂದ ಸಲ ಅನ್ರಿ ಅಮ್ಮಾರ, ಸಾಕು" ಎಂದರು ಕಡಪಟ್ಟಿ ಸರ್.

"ಏನ ಅನ್ಲಿ?"

"ನಿಮ್ಮ ಅಂಗಡಿ ಹೆಸರು."

"ಬೋರ್ಡಿನ ಮ್ಯಾಲ ಇಷ್ಟ ದೊಡ್ಡದಾಗಿ ಬರದೇತಿ. ಓದ್ಕೋರಿ."

"ನಾ ಓದಿದ್ರ ನಡಿಯಾಂಗಿಲ್ರಿ. ನಿಮ್ಮ ಬಾಯಿಲೆ ಬರಬೇಕು."

"ಅತ್ತಿ," ಎಂದೆ, "ನೀವ ಅನ್ಲಿಲ್ಲಂದ್ರ ಅಂಗಡಿ ಹೋಗತೈತ್ರಿ."

ಅವರು ನನ್ನನ್ನು ನೋಡಿದರು. ಆಮೇಲೆ ಕಿವಿಯನ್ನು ನೋಡಿದರು. ತುಟಿ ತುಸು ತೆರೆಯಿತು. ತುಟಿ ಮತ್ತೆ ಮುಚ್ಚಿತು.

"ಆಗೂದಿಲ್ಲ ಬಿಡವಾ. ಮಾವನ ಋಣ."

ಅವರು ಪಟ್ಟಿ ಬಿಚ್ಚಿಕೊಂಡು ಹೊರಗೆ ಹೋಗಿ ಬಾಕಿನ ಮೇಲೆ ಕೂತರು. ಕಡಪಟ್ಟಿ ಸರ್ ತೆರೆಯನ್ನು ನನ್ನ ಕಡೆ ತಿರುಗಿಸಿದರು.

ಧ್ವನಿಯ ಸಾಲು ಖಾಲಿ. ಅದಕ್ಕೆ ಮೊದಲಿನ ಗೆರೆ ಮಾತ್ರ ಅಲ್ಲಿತ್ತು. ಹೆಸರಿನ ಸಿದ್ಧತೆ ಪೂರ್ತಿ ಬಂದಿತ್ತು, ಮೊದಲಿನಿಂದ ಕೊನೆಯವರೆಗೆ, ತುಟಿಯ ಒಳಗೆ. ಒಂದೇ ಒಂದು ಮೊನೆ ಇರಲಿಲ್ಲ. ಅಷ್ಟು ನುಣ್ಣಗಿನ ಗೆರೆಯನ್ನು ನಾನು ಸವೆಸುವವರಲ್ಲಿಯೂ ನೋಡಿರಲಿಲ್ಲ. ಮಗ ಹುಟ್ಟಿದ ದಿನದಿಂದ ಅವರು ಬಾಯಿ ಮುಚ್ಚಿಕೊಂಡೇ ಆ ಹೆಸರು ಹೇಳುತ್ತ ಬಂದಿದ್ದರು.

"ಧ್ವನಿ ಇಲ್ಲದ್ದು ಲೆಕ್ಕಕ್ಕ ಬರಾಂಗಿಲ್ರಿ ಮೇಡಂ" ಎಂದರು ಸರ್. "ನಿಮಗೂ ಗೊತ್ತೈತಿ."

ಗೊತ್ತಿತ್ತು. ಗೆರೆಯ ವಿಷಯ ಅತ್ತೆಗೆ ಹೇಳಲಿಲ್ಲ.

ಉಳಿದದ್ದು ಒಂದೇ ದಾರಿ, ನಾನು ಸವೆಸುವುದು. ಅವಧಿ ಇನ್ನೂ ಇತ್ತು. ಸವೆಸುವುದು ಹೇಗೆಂದು ಲಾಲಬಿಯನ್ನು ಕೇಳಿದೆ. ಯಾವ ಹೆಸರು, ಯಾಕೆ ಎಂದು ಅವಳು ಕೇಳಲಿಲ್ಲ. ಅವಳ ಕಸುಬಿನಲ್ಲಿ ಅದನ್ನು ಕೇಳುವುದಿಲ್ಲ.

"ಕೈಯಾಗ ಕೆಲಸ ಇರಬೇಕ್ರಿ ಅಕ್ಕಾರ. ಸುಮ್ನ ಕುಂತ ಅಂದ್ರ ಹೆಸರು ಹೊಟ್ಟ್ಯಾಗ ಇಳಿತೈತಿ. ಭಾಂಡೆ ತಿಕ್ಕೋತ, ಕಸಾ ಹೊಡಕೋತ ಅನ್ರಿ. ಮನಸ ಅಲ್ಲಿ ಇರಬಾರದು."

ಪಾತ್ರೆ ತಿಕ್ಕುತ್ತ ಶುರು ಮಾಡಿದೆ. ಮೊದಲ ಸಲ ಹೇಳಿದಾಗ ಅವನು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ನಿಜವಾಗಿ ಅಲ್ಲ. ನೆನಪು ಎಂದರೆ ಹಾಗೆ ಬರುವುದು. ಮತ್ತೆ ಹೇಳಿದೆ. ಕಾಲೇಜಿನ ಮೆಟ್ಟಿಲ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ. ಮತ್ತೆ ಹೇಳಿದೆ. ಎರಕದ ಬಿಸಿಗೆ ಹುಬ್ಬು ಸುಟ್ಟುಕೊಂಡು ಬಂದು, ಕನ್ನಡಿಯ ಮುಂದೆ ನನ್ನ ಕಾಡಿಗೆ ಹಚ್ಚಿಕೊಳ್ಳುತ್ತಿದ್ದ.

ಅತ್ತೆ ಹೊರಗಿನ ಕೋಣೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದರು. ತಡೆಯಲಿಲ್ಲ. ಮನೆಯಲ್ಲಿ ಆ ಹೆಸರು ಹೆಂಗಸಿನ ಬಾಯಿಂದ ಬರುತ್ತಿದ್ದುದು ಅದೇ ಮೊದಲು.

ಲಾಲಬಿ ಹೇಳಿದ್ದು ಸುಳ್ಳಲ್ಲ. ಹೆಸರಿನ ಹಲ್ಲು ಒಂದೊಂದಾಗಿ ಉದುರಿತು. ಮೊದಲು ಮೆಟ್ಟಿಲು ಹೋಯಿತು. ಆಮೇಲೆ ಕನ್ನಡಿ ಹೋಯಿತು. ಕಸಬರಿಗೆಯ ಸದ್ದಿಗೆ ಹೆಸರು ತಾನಾಗಿ ಹೊಂದಿಕೊಂಡಿತು. ಕೇಂದ್ರದಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಪಟ್ಟಿ ಕಟ್ಟಿಕೊಂಡು ನೋಡಿದರೆ ಮೊನೆಗಳು ತಗ್ಗುತ್ತಿದ್ದವು. ಲೆಕ್ಕದ ಪ್ರಕಾರ ಎಲ್ಲ ಸರಿಯಾಗಿ ನಡೆದಿತ್ತು.

ಒಂದು ಸಂಜೆ ಕುಕ್ಕರಿನ ತಳ ತಿಕ್ಕುತ್ತ ಹೇಳಿದೆ. ಬಾಗಿಲು ಖಾಲಿ ಇತ್ತು.

ಮತ್ತೊಮ್ಮೆ ಹೇಳಿ ನೋಡಿದೆ. ಖಾಲಿ ಬಾಗಿಲು. ಅದರಾಚೆ ಫ್ರಿಜ್ಜು.

ಕೈ ತೊಳೆದುಕೊಂಡು ಹೊರಗೆ ಬಂದೆ.

"ಯಾಕ," ಎಂದರು ಅತ್ತೆ, "ಇವತ್ತ ಲಗೂನ ಬಾಯಿ ಬಂದ ಆತಲ್ಲ?"

"ಸಾಕಾತ್ರಿ."

"ಅಂಗಡಿ?"

"ಹೋಗ್ಲಿ."

"ಹೋಗ್ಲಿ ಅಂದ್ರ ಉಣ್ಣೂದೇನು, ನಿನ್ನ ಎಮ್ಮೆಸ್ಸಿನ?" ಆಮೇಲೆ ಅವರೇ ಅಂದರು, "ನಾನೂ ಅನ್ನಾಕಿನ ಇದ್ದೆ, ಅದನ್ನ ಹಂಗ ತಿಕ್ಕಬ್ಯಾಡಾಂತ. ಪಿತ್ತಾಳಿ ಭಾಂಡೇನೂ ಬಾಳ ತಿಕ್ಕಿದ್ರ ತಳಾ ಹೋಗತೈತಿ. ಬ್ಯಾರೆ ಹೆಸರ ಇಡೂಣು ತಗೋ."

ಅವಧಿ ಮುಗಿಯುವವರೆಗೆ ನಾನು ಅದನ್ನು ಮತ್ತೆ ಹೇಳಲಿಲ್ಲ.

ಮುಗಿದ ವಾರವೇ ಕಂಪನಿ ತನ್ನವರನ್ನು ಕಳಿಸಿತು. ಪರೀಕ್ಷೆಯ ಕೋಣೆಗೆ ಬಂದವಳು ಲಾಲಬಿ. ಕಡಪಟ್ಟಿ ಸರ್ ಎದ್ದು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಮೇಡಂ, ನೀವ ಹೊರಗ ಹೋಗ್ರಿ, ನಾ ನೋಡ್ಕೋತೇನಿ" ಎಂದರು. ಇರಲಿ ಎಂದೆ. ಯಾರು ಕಟ್ಟಿದರೂ ಪಟ್ಟಿ ಒಂದೇ.

ಲಾಲಬಿ ಗಂಟು ಬಿಚ್ಚಿ ಜೇಷ್ಠಮಧು ಕೊಟ್ಟಳು. ನಾನು ಬಾಯಿಗೆ ಹಾಕಿಕೊಂಡೆ. ಅವಳ ಕೊರಳಿಗೆ ಪಟ್ಟಿ ಕಟ್ಟಿ ಯಂತ್ರ ಚಾಲೂ ಮಾಡಿದೆ.

"ಕಲ್ಲಪ್ಪನ ತಕ್ಕಡಿ" ಎಂದಳು ಲಾಲಬಿ.

ಗೆರೆ ಸಪಾಟಾಗಿತ್ತು. ಒಳಗೆ ಯಾರೂ ಇಲ್ಲದ ಮನೆಯ ಹಾಗೆ. ನಾನು ತೇರ್ಗಡೆ ಎಂದು ಒತ್ತಿದೆ.

"ಆತೇನ್ರಿ ಅಕ್ಕಾರ?"

"ಆತು."

"ಯಾರೋ ಏನೋ ಈ ಕಲ್ಲಪ್ಪ. ಮುದುಕನ ಹೆಸರು ಇದ್ದಂಗ ಐತಿ. ಆದ್ರ ಅನ್ನಾಕ ಛಲೋ ಇತ್ರಿ. ಗಂಟಲಾ ನೋಯಲಿಲ್ಲ."

"ಮುದುಕ ಅಲ್ಲ" ಎಂದೆ.

ಅವಳು ನನ್ನ ಮುಖ ನೋಡಿದಳು. ಮೇಜಿನ ಮೇಲಿನ ನನ್ನ ಹೆಸರಿನ ಫಲಕ ಅವಳಿಗೆ ದಿನವೂ ಕಾಣುತ್ತಿತ್ತು, ಮಂದಾಕಿನಿ ಕಲ್ಲಪ್ಪ ತಕ್ಕಡಿ. ಓದು ಬಾರದವಳು. ಆದರೂ ಏನೋ ಹೊಳೆದಿರಬೇಕು. ಜೇಷ್ಠಮಧುವಿನ ಗಂಟನ್ನೇ ಮೇಜಿನ ಮೇಲಿಟ್ಟು ಹೋದಳು.

ಹೊಸ ಹೆಸರು ಹುಡುಕುವುದು ಸುಲಭವಿರಲಿಲ್ಲ. ಜನ ಆಡುವ ಮಾತೆಲ್ಲ ಹೋಗಿತ್ತು. ಉಳಿದವು ಯಾರೂ ಆಡದವು. ಸರ್ಕಾರ ಖಾಲಿ ಹೆಸರುಗಳನ್ನು ತಾನೇ ಹೊಸೆದು ಕೊಡುತ್ತದೆ. ಅಂಗಡಿಯಲ್ಲಿ ಕೂತು ಅತ್ತೆಗೆ ಓದಿ ಹೇಳಿದೆ.

"ತೂಕದುಂದುಭಿ."

"ಇದೇನ ಅಂಗಡಿ ಹೆಸರೋ, ಜಡ್ಡಿನ ಹೆಸರೋ?"

"ತುಲಾಝಣ."

"ಹೊಟ್ಟಿ ಕೆಟ್ಟಾಂಗ ಐತಿ."

"ಭಾರಗುಬ್ಬಿ."

ಅತ್ತೆ ಇದಕ್ಕೆ ಸ್ವಲ್ಪ ಯೋಚಿಸಿದರು. "ಗುಬ್ಬಿ ಪಾಪ, ಅದಕ್ಯಾಕ ಭಾರ?"

ಹೀಗೇ ನಡೆದಿರುವಾಗ ಅಣ್ಣಿಗೇರಿ ಕಡೆಯ ಒಂದು ಸೊಸೈಟಿಯ ಸೆಕ್ರೆಟರಿ ಬಂದರು. ಹಳೆಯ ಗಿರಾಕಿ, ನೆನಪಿನ ಮೇಲೆ ದಾರಿ ಹಿಡಿದು ಬಂದವರು. "ಫೋನಿನ್ಯಾಗ ಕರದ್ರ ಯಾರೋ ಹುಡುಗಿ ಇಂಗ್ಲೀಷಿನ್ಯಾಗ ಮಾತಾಡಾಕತ್ತಿದ್ಲು, ನಾ ಬಸ್ ಹತ್ತಿ ಬಂದ್ಬಿಟ್ಟೆ" ಎಂದರು. ಅವರ ತಕ್ಕಡಿ ಪರೀಕ್ಷಿಸಬೇಕಿತ್ತು.

"ಮಂದಾ," ಎಂದರು ಅತ್ತೆ, "ಆ ಎರಡ ಕಿಲೋದ ತಕ್ಕಡಿ ಕೂಸು ಎತ್ಕೊಂಡ ಬಾ. ಕೆಡವಬ್ಯಾಡ."

"ಯಾವ ತಕ್ಕಡಿ ಕೂಸ್ರಿ ಅತ್ತಿ, ಕಬ್ಬಿಣದ್ದೋ, ಪಿತ್ತಾಳಿದೋ?"

ಸೆಕ್ರೆಟರಿ ಗಾಬರಿಯಾಗಿ ಸುತ್ತ ನೋಡಿದರು. "ಕೂಸೆಲ್ಲೈತ್ರಿ ಅಮ್ಮಾರ ಇಲ್ಲಿ?"

"ಇಲ್ಲಿ ಇರೂವೆಲ್ಲಾ ಕೂಸ. ನೋಡ್ರಿ, ಸಾಲಾಗಿ ಕುಂತಾವು. ಅಳೂದಿಲ್ಲ, ಹಟಾ ಮಾಡೂದಿಲ್ಲ."

ನಾನು ಎರಡು ಕಿಲೋದ ತೂಕವನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಅದನ್ನು ಎರಕ ಹೊಯ್ದವನು ಅವನು. ತಳದಲ್ಲಿ ಅವನ ಉಳಿಯ ಗುರುತಿತ್ತು.

ಮರುದಿನ ಇಬ್ಬರೂ ಕೇಂದ್ರಕ್ಕೆ ಹೋದೆವು. ತಕ್ಕಡಿ ಕೂಸು ಎಂಬ ಹೆಸರು ಕೇಳಿ ಕಡಪಟ್ಟಿ ಸರ್ ನಕ್ಕರು. ಹುಡುಕಿ ನೋಡಿ ನಗು ನಿಲ್ಲಿಸಿದರು. "ಯಾರೂ ಕೇಳಿಲ್ರಿ ಇದನ್ನ. ಇಡೀ ರಾಜ್ಯದಾಗ ಯಾರ ಬಾಯಾಗೂ ಇಲ್ಲ."

ಮೊದಲು ನಾನು ಹೇಳಿದೆ, ಆಮೇಲೆ ಅತ್ತೆ. ಮೊನೆ ಇರಲಿಲ್ಲ. ಅತ್ತೆಯದಂತೂ ಬೆಣ್ಣೆ. ಒಂದು ಹೆಸರನ್ನು ಬಾಯಿಗೆ ತರಬಾರದೆಂದು ಇಷ್ಟು ವರ್ಷ ಸುತ್ತಿದ ಬಳಸುದಾರಿ ಅದು. ಅದರ ಮೇಲೆ ನಮ್ಮಿಬ್ಬರನ್ನು ಬಿಟ್ಟು ಯಾರೂ ನಡೆದಿರಲಿಲ್ಲ.

"ಇದೇನ ಅಂಗಡಿಗೆ ಇಡೂ ಹೆಸರೇನ?" ಎಂದು ಅತ್ತೆ ಬಸ್ಸಿನಲ್ಲಿ ಮನೆಯವರೆಗೂ ಗೊಣಗಿದರು.

ಈಗ ಒಂದು ವರ್ಷವಾಯಿತು. ಅರ್ಧ ಗಿರಾಕಿಗಳು ಹೋದರು. ಉಳಿದವರು ಒಬ್ಬರಿಗೊಬ್ಬರು ಹೇಳಿಕೊಂಡು ಬರುತ್ತಾರೆ. ತೊಟ್ಟಿಲು ಸಿಗುತ್ತದೆಯೇ, ಕುಂಚಿಗೆ ಸಿಗುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಅತ್ತೆ ಅವರೊಂದಿಗೆ ಬಹಳ ಹೊತ್ತು ಮಾತಾಡುತ್ತಾರೆ, ಎಷ್ಟು ತಿಂಗಳು, ಏನು ಊಟ ಸೇರುತ್ತದೆ ಎಂದು. ಎರಕ ಹೊಯ್ಯುವುದನ್ನು ನಾನು ಕಲಿತಿದ್ದೇನೆ. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಕೇಂದ್ರ. ದಣಿವಾಗುತ್ತದೆ. ಆ ಹೆಸರನ್ನು ನಾನು ಹೇಳುವುದಿಲ್ಲ. ಹೇಳದೆ ಇಟ್ಟರೆ ಮೊನೆ ಮತ್ತೆ ಬೆಳೆಯುತ್ತದೆ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಮೊನ್ನೆ ಕುಕ್ಕರು ಕೂಗಿದಾಗ ತಿರುಗಿ ನೋಡಿದೆ. ಬಾಗಿಲಲ್ಲಿ ಹೆಲ್ಮೆಟ್ಟಿನ ಒಂದು ಅಂಚು ಇತ್ತು.

ನಿನ್ನೆ ನವೀಕರಣಕ್ಕೆಂದು ಅತ್ತೆಯನ್ನು ಮತ್ತೆ ಕರೆದುಕೊಂಡು ಹೋಗಿದ್ದೆ. ಕಡಪಟ್ಟಿ ಸರ್ ಪರೀಕ್ಷೆ ಮುಗಿಸಿ ಸಹಿಗೆಂದು ಒಳಗೆ ಹೋದರು. ಕೋಣೆಯಲ್ಲಿ ನಾವಿಬ್ಬರೇ. ಅತ್ತೆಯ ಕೊರಳಲ್ಲಿ ಪಟ್ಟಿ ಇನ್ನೂ ಇತ್ತು. ಅವರು ಕಿವಿಯನ್ನೇ ನೋಡುತ್ತ ಸುಮ್ಮನೆ ಕೂತಿದ್ದರು. ತೆರೆ ನನ್ನ ಕಡೆಗಿತ್ತು. ಅದರ ಮೇಲೆ ಒಂದು ಗೆರೆ ಮೂಡಿತು. ನುಣ್ಣಗೆ, ಧ್ವನಿಯಿಲ್ಲದೆ. ಮುಗಿಯಿತು. ಮತ್ತೆ ಮೂಡಿತು.

"ಮಂದಾ," ಎಂದರು ಅತ್ತೆ, "ಈ ಮಿಷನ್ನು ಬಾಯಿಗೆ ಬರಲಾರದ್ದನ್ನೂ ಹಿಡಿತೈತೇನು?"

ನಾನು ಕೈ ಚಾಚಿ ತೆರೆಯನ್ನು ಆರಿಸಿದೆ.

"ಇಲ್ರಿ ಅತ್ತಿ."

"ಛಲೋ ಆತು" ಎಂದು ಅವರು ಸೆರಗು ಸರಿಮಾಡಿಕೊಂಡರು.